ಗುರಾಣಿಯ ಹಿಂದಿನ ಜಾಗ

ಟಿವಿಯ ಹಿಂದೆ ಕೈ ಹಾಕಿ ಅವಳು ಸಿಕ್ಕ ಸಿಕ್ಕ ವೈರನ್ನೆಲ್ಲ ಎಳೆಯುತ್ತಿದ್ದಳು. ಗಂಡನ ದೇಹ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಹಾಲ್ ಖಾಲಿಯಾಗಬೇಕಿತ್ತು. ಮೇಜು, ಕುರ್ಚಿ ಆಚೆ ಹೋಗಿದ್ದವು. ಉಳಿದಿದ್ದು ಟಿವಿ, ಅದರ ಕೆಳಗಿನ ಕಪ್ಪು ಗೇಮ್ ಪೆಟ್ಟಿಗೆ.

"ಅಕ್ಕಾ, ಹಾಗೆ ಕೀಳಬೇಡ. ಮೊನ್ನೆ ಆಡಿ ನಿಲ್ಲಿಸಿದ ಹಾಗೇ ಇದೆ, ಸೇವ್ ಮಾಡಿಲ್ಲ. ಭಾವ ಆಡಿದ್ದೆಲ್ಲ ಅಳಿಸಿಹೋಗುತ್ತೆ," ಎಂದು ತಮ್ಮ ಅವಳ ಮಣಿಕಟ್ಟು ಹಿಡಿದ.

"ಮನುಷ್ಯರೇ ಹೋದ್ರು. ಆಟ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

ಅವನ ಕಣ್ಣು ಊದಿಕೊಂಡಿತ್ತು. ತನಗಿಂತ ಇವನೇ ಹೆಚ್ಚು ಅತ್ತಿದ್ದಾನೆ ಎಂಬುದು ಬೆಳಗಿನಿಂದ ಅವಳನ್ನು ಚುಚ್ಚುತ್ತಿತ್ತು.

ಬಾಗಿಲ ಬಳಿ, ಗಂಡ ಕೆಲಸಕ್ಕಿದ್ದ ಕನ್ನಡಕದಂಗಡಿಯ ಯಜಮಾನ ನೆರೆಯವರಿಗೆ ಹೇಳುತ್ತಿದ್ದ: "ಗಾಜು ಉಜ್ಜೋದ್ರಲ್ಲಿ ಅವನ ಸಮ ಇಲ್ಲ ಬಿಡಿ. ಆದ್ರೆ ಗಿರಾಕಿ ದನಿ ಎತ್ತಿದ್ರೆ ಸಾಕು, ಹಿಂದಿನ ಬಾಗಿಲಿಂದ ಟೀಗೆ ಹೋಗಿಬಿಡ್ತಿದ್ದ. ಬೈಸ್ಕೊಳ್ಳೋದೆಲ್ಲ ನನ್ನ ಪಾಲು."

"ಈಗ್ಲೂ ಹಂಗೇ ಹೋದ, ಯಾರಿಗೂ ಹೇಳ್ದೆ," ಎಂದರು ಯಾರೋ. ಸಣ್ಣಗೆ ನಕ್ಕು, ಅವಳನ್ನು ಕಂಡು ಬಾಗಿಲಾಚೆ ಸರಿದರು.

ಅವಳಿಗೆ ಬೇಜಾರಾಗಲಿಲ್ಲ. ಇದ್ದದ್ದನ್ನೇ ಹೇಳಿದ್ದರು.

*

ಮದುವೆಯಾದ ಹೊಸತು. ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅತ್ತೆ, "ನಮ್ಮನೆ ಸಕ್ಕರೆ ಡಬ್ಬಕ್ಕೆ ಕಾಲು ಬಂದಿದೆ ಕಣ್ರಪ್ಪ. ದಾರಿನೂ ಗೊತ್ತು ಅದಕ್ಕೆ, ನೇರ ಸೊಸೆ ತವರಿಗೇ ಹೋಗುತ್ತೆ," ಎಂದಿದ್ದರು. ಎಲ್ಲರೂ ಗಂಡನ ಮುಖ ನೋಡಿದರು. ಅವಳೂ ನೋಡಿದಳು. ಅವನು ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, "ನಲ್ಲೀಲಿ ನೀರು ಬಂತಾ ನೋಡ್ತೀನಿ," ಎಂದು ಎದ್ದು ಹೋದ. ನೆಂಟರು ಹೊರಡುವವರೆಗೂ ಬರಲಿಲ್ಲ. ಸಂಜೆ ಅವಳ ಕನ್ನಡಕವನ್ನು ತೊಳೆದು ದಿಂಬಿನ ಪಕ್ಕ ಇಟ್ಟ. ಅಷ್ಟೇ. ಆಮೇಲೆಯೂ ಅತ್ತೆ ಬಾಯಿ ತೆರೆದಾಗಲೆಲ್ಲ ಅವನಿಗೆ ಏನೋ ಕೆಲಸ ನೆನಪಾಗುತ್ತಿತ್ತು. ಅವಳ ಕನ್ನಡಕ ಮಾತ್ರ ಒಂದು ದಿನವೂ ಮಸುಕಾಗಲಿಲ್ಲ.

ಭಾನುವಾರ ಆಡಲು ತಮ್ಮ ಬಂದರೆ ಗಂಡ ಬೇರೆಯೇ ಮನುಷ್ಯ. ಗುಂಡಿ ಒತ್ತುವ ಟಕಟಕ, ಗಹಗಹ ನಗು ಅಡುಗೆಮನೆಯವರೆಗೂ ಕೇಳುತ್ತಿತ್ತು. ಜೊತೆಗೆ ಅವನದೇ ದನಿ: "ನೀನು ಹಿಂದೆ ಇರೋ. ನಾನಿದೀನಲ್ಲ."

*

"ಹಿಂದೆ ಇರು ಅಂತಿದ್ರಲ್ಲ ನಿಂಗೆ," ಎಂದಳು ವೈರು ಬಿಟ್ಟು. "ಏನದು?"

ತಮ್ಮ ಮೂಗೊರೆಸಿಕೊಂಡ. "ಒಂದೊಂದು ಲೆವೆಲ್ ಏರಿದಾಗ್ಲೂ ಪಾಯಿಂಟ್ ಸಿಗುತ್ತಕ್ಕ. ಬೇಕಾದ ಕಡೆ ಹಾಕ್ಕೋಬಹುದು. ನಾನು ಕತ್ತಿಗೆ ಹಾಕ್ಕೊಂಡೆ. ಭಾವ ಎಲ್ಲಾನೂ ಪೆಟ್ಟು ತಡ್ಕೊಳ್ಳೋದಕ್ಕೇ ಸುರಿದ್ರು. ಎಲ್ಲಕ್ಕಿಂತ ದಪ್ಪ ಗುರಾಣಿ, ಕಬ್ಬಿಣದ ಅಂಗಿ. ಏಟು ಬಂದ್ರೆ ಬೇರೆಯವರು ಪಕ್ಕಕ್ಕೆ ಉರುಳಿ ತಪ್ಪಿಸ್ಕೋತಾರೆ. ಅಷ್ಟು ಭಾರ ಹೊತ್ರೆ ಉರುಳೋಕೇ ಆಗಲ್ಲ. ನಿಂತು ತಿನ್ನಬೇಕು."

"ಯಾಕಂತೆ ಅಷ್ಟು ಭಾರ?"

"ನಾನು ಬೇಗ ಸಾಯ್ತೀನಲ್ಲ. ನನಗೆ ತಾಗಬಾರ್ದು ಅಂತ."

ಅವಳು ಅವನನ್ನೇ ನೋಡಿದಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಕೆನ್ನೆಗೆ ಬಾರಿಸಬೇಕೆನಿಸಿತು.

"ಹಾಕು. ನೋಡ್ತೀನಿ."

"ಈಗಾ? ಇನ್ನೇನು ಭಾವನ್ನ ತರ್ತಾರೆ..."

"ಹಾಕೋ."

ಪರದೆಯ ಮೇಲೆ ಪಾಳುಕೋಟೆ ಮೂಡಿತು. ಗುರಾಣಿ ಹಿಡಿದ ಗುಡ್ಡದಂಥ ಆಳು, ಪಕ್ಕದಲ್ಲಿ ತೆಳ್ಳಗಿನ ಕತ್ತಿಯವನು. ತಮ್ಮ ಭಾವನ ಕಂಟ್ರೋಲರನ್ನು ಅವಳತ್ತ ಚಾಚಿದ.

"ಅದಲ್ಲ. ನಿಂದು ಕೊಡು."

ಯಾವ ಗುಂಡಿ ಏನೆಂದು ಕೇಳಿಕೊಂಡು, ಗೋಡೆಗೆ ಗುದ್ದಿಸುತ್ತ, ಕತ್ತಿಯವನನ್ನು ಗುರಾಣಿಯವನ ಹಿಂದೆ ತಂದು ನಿಲ್ಲಿಸಿದಳು. ಕೋಟೆ ಬಾಗಿಲಿನಿಂದ ಕೊಡಲಿ ಎತ್ತಿಕೊಂಡು ರಾಕ್ಷಸನೊಬ್ಬ ಬರುತ್ತಿದ್ದ. ತಮ್ಮ ಭಾವನ ಕಂಟ್ರೋಲರಿಗೆ ಬೆರಳಿಟ್ಟ. "ಗುರಾಣಿ ಎತ್ತಬೇಕಕ್ಕ, ಇಲ್ದಿದ್ರೆ ಭಾವ ಸಾಯ್ತಾರೆ."

"ಮುಟ್ಟಬೇಡ ಅದನ್ನ."

ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು. ಒಳಗಿನಿಂದ ಬಂದ ಅತ್ತೆ ಹೊಸ್ತಿಲಲ್ಲೇ ನಿಂತರು. "ನೋಡ್ರಪ್ಪ ನೋಡಿ. ನನ್ನ ಮಗನ ಹೆಣ ಬಾಗಿಲಿಗೆ ಬಂದಿದೆ, ಇವಳು ಟಿವಿ ಹಾಕ್ಕೊಂಡು ಕೂತಿದಾಳೆ."

ಹಾಲ್‌ನಲ್ಲಿದ್ದವರೆಲ್ಲ ತಿರುಗಿದರು. ಅವಳು ತಿರುಗಲಿಲ್ಲ.

ಕೊಡಲಿ ಬಿತ್ತು. ಯಾರೂ ಆಡಿಸದ ಗುರಾಣಿಯವನು ಜಾಗ ಬಿಟ್ಟು ಕದಲಲಿಲ್ಲ. ಮತ್ತೆ ಬಿತ್ತು. ಅವನ ತಲೆಯ ಮೇಲೆ ಉಳಿದ ಜೀವ ತೋರಿಸುವ ಕೆಂಪು ಗೆರೆ ಅರ್ಧಕ್ಕಿಳಿಯಿತು. ಅವಳು ಹೆಬ್ಬೆರಳಿನಿಂದ ಮೆಲ್ಲನೆ ನೂಕಿ, ಕತ್ತಿಯವನನ್ನು ಆ ಅಗಲ ಬೆನ್ನಿಗೆ ಇನ್ನಷ್ಟು ಒತ್ತಿ ನಿಲ್ಲಿಸಿದಳು.