ಕೂರಲು ಹೇಳುವ ಸನ್ನೆ

ನಾನು ಸನ್ನೆ ಭಾಷೆಯ ದುಭಾಷಿ. ಕಿವಿಗೆ ಬಿದ್ದದ್ದನ್ನೆಲ್ಲ ಕೈಯಲ್ಲಿ ಹೇಳಬೇಕು, ಕೈಯಲ್ಲಿ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಬೇಕು. ನನ್ನದು ಅಂತ ಒಂದು ಮಾತು ಸೇರಿಸುವ ಹಾಗಿಲ್ಲ, ಬೇರೆಯವರದ್ದು ಒಂದು ಮಾತು ನುಂಗುವ ಹಾಗೂ ಇಲ್ಲ. ಪಕ್ಕದ ಕೋಣೆಯಲ್ಲಿ ಫೋನ್ ಬಡಿದುಕೊಂಡರೂ ಹೇಳುತ್ತೇನೆ, ಹಿಂದಿನ ಸಾಲಿನಲ್ಲಿ ಯಾರಾದರೂ ಗೊರಕೆ ಹೊಡೆದರೂ ಹೇಳುತ್ತೇನೆ. ಕಿವಿ ಇರುವವರಿಗೆ ಪುಕ್ಕಟೆಯಾಗಿ ಸಿಗುವುದೆಲ್ಲ ಕಿವಿ ಕೇಳದವರಿಗೂ ಸಿಗಬೇಕು, ಅಷ್ಟೇ ನಮ್ಮ ಕಸುಬಿನ ನೀತಿ. ವಿಶ್ವವಿದ್ಯಾಲಯದ ದೊಡ್ಡ ಮನುಷ್ಯರಿಗೆ ಇದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಗೋಜಿಗೂ ಅವರು ಹೋಗಿರಲಿಲ್ಲ.

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಕೈ ಒಂದು ಗಳಿಗೆ ಸುಮ್ಮನಿರುವುದಿಲ್ಲವಾದ್ದರಿಂದ ಮನೆಯಲ್ಲಿ ಅವಳು ಗುಬ್ಬಿ. ಕಟ್ಟಡ ವಿನ್ಯಾಸ ಓದುತ್ತಿದ್ದಾಳೆ, ಕೊನೆಯ ವರ್ಷ. ಮೇಷ್ಟ್ರುಗಳು ಬೋರ್ಡಿನ ಕಡೆ ಮುಖ ಮಾಡಿ ಪಾಠ ಒಪ್ಪಿಸುವಾಗ ಇವಳು ಪಕ್ಕದವಳ ನೋಟ್ಸ್ ಇಣುಕಿ ನೋಡಿಕೊಂಡೇ ಇಲ್ಲಿಯವರೆಗೆ ಬಂದವಳು. ಕೊನೆಯ ಪ್ರಾಜೆಕ್ಟಿಗೆ ಅವಳು ಒಂದು ಶಾಲೆಯ ಮಾದರಿ ಮಾಡಿದಳು. ಸನ್ನೆಯಲ್ಲಿ ಮಾತಾಡುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡೇ ನಡೆಯಬೇಕು, ಹಾಗಾಗಿ ಮೂಲೆ ಬಂದ ಕೂಡಲೇ ಗೋಡೆಗೋ ಎದುರಿಗೆ ಬಂದವರಿಗೋ ಗುದ್ದಿಕೊಳ್ಳುತ್ತಾರೆ. ನಾವಿಬ್ಬರೂ ಹಾಗೆ ಗುದ್ದಿಕೊಂಡೇ ಬೆಳೆದದ್ದು. ನನ್ನ ಹುಬ್ಬಿನ ಮೇಲಿನ ಗಾಯದ ಗುರುತು ಯಾವುದೋ ಆಸ್ಪತ್ರೆಯ ಮೂಲೆ ಕೊಟ್ಟದ್ದು. ಗುಬ್ಬಿಯ ಶಾಲೆಯಲ್ಲಿ ಚೂಪು ಮೂಲೆಯೇ ಇರಲಿಲ್ಲ. ಗೋಡೆಗಳೆಲ್ಲ ದುಂಡಗೆ ತಿರುಗುತ್ತಿದ್ದವು, ಕಾರಿಡಾರುಗಳೆಲ್ಲ ಇಬ್ಬರು ಕೈಬೀಸಿ ಮಾತಾಡಿಕೊಂಡು ಹೋಗುವಷ್ಟು ಅಗಲ. ಆ ರಟ್ಟಿನ ಶಾಲೆ ನಮ್ಮ ಊಟದ ಮೇಜನ್ನು ಪೂರ್ತಿ ಆಕ್ರಮಿಸಿಕೊಂಡಿದ್ದರಿಂದ ಅಮ್ಮ ನಮಗೆಲ್ಲ ಅಡುಗೆಮನೆಯಲ್ಲಿ ನಿಂತೇ ಉಣ್ಣುವ ಶಿಕ್ಷೆ ಕೊಟ್ಟಿದ್ದಳು.

ಆ ಪ್ರಾಜೆಕ್ಟಿನ ಮೇಲೆ ಮೌಖಿಕ ಪರೀಕ್ಷೆ ಇತ್ತು. ದುಭಾಷಿಯಾಗಿ ಜೊತೆಗೆ ನಾನು ಬರಲೇ ಅಂತ ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ಪರೀಕ್ಷೆ ಮಾಡುವವರೂ ಅವರೇ.

"ನೀವು ಅವಳ ಅಕ್ಕ ಅಲ್ವೇನಮ್ಮ? ಉತ್ತರ ನೀವೇ ಹೇಳ್ಕೊಟ್ಬಿಡ್ತೀರಿ" ಅಂದರು.

"ಹಾಗಾದ್ರೆ ಬೇರೆ ದುಭಾಷಿನ ಕರೆಸಿ ಸರ್."

"ಅದಕ್ಕೆಲ್ಲ ನಿಯಮ ಇಲ್ಲ."

ಗುಬ್ಬಿ ಒಬ್ಬಳೇ ಹೋದಳು. ಹೋದಷ್ಟೇ ಬೇಗ ವಾಪಸ್ ಬಂದಳು. ಫೇಲು. ಮುಂದಿನ ವರ್ಷದವರೆಗೆ ಇನ್ನೊಂದು ಅವಕಾಶ ಇಲ್ಲ, ಅವಳಿಗಾಗಿ ಒಂದು ಕೆಲಸ ಹಿಡಿದಿಟ್ಟಿದ್ದ ಕಟ್ಟಡ ವಿನ್ಯಾಸದ ಕಚೇರಿಯವರು ಪದವಿ ಸಿಗುವವರೆಗೆ ಕಾಯುವುದೂ ಇಲ್ಲ. ಯಾಕೆ ಹೀಗೆ ಮಾಡಿದಿರಿ ಅಂತ ಮುಖ್ಯಸ್ಥರನ್ನೇ ಹೋಗಿ ಕೇಳಿದೆ.

"ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಎಷ್ಟು ಸಲ ಹೇಳ್ದೆ. ಕೂರ್ಲೇ ಇಲ್ಲ. ಅಷ್ಟೂ ಅರ್ಥ ಆಗದವಳ ಹತ್ರ ನಾನಿನ್ನೇನು ಪ್ರಶ್ನೆ ಕೇಳ್ಲಿ?"

ಮನೆಗೆ ಬಂದು ಗುಬ್ಬಿಗೆ ಹೇಳಿದೆ. ಅವಳು ಕೈಯಲ್ಲಿ ಹೇಳಿದಳು: 'ಅವರು ತಲೆ ಬಗ್ಗಿಸಿ ಫೈಲ್ ನೋಡ್ತಾ ಇದ್ರು. ಮೀಸೆ ಅಲ್ಲಾಡ್ತಿತ್ತು. ಏನೋ ಓದ್ಕೊಳ್ತಿದ್ದಾರೆ ಅಂದ್ಕೊಂಡೆ. ಅವರು ಹೇಳೋ ಮುಂಚೆ ಕೂತರೆ ತಪ್ಪಾಗತ್ತೆ ಅಂತ ಮಾಡೆಲ್ ಹಿಡ್ಕೊಂಡು ನಿಂತೇ ಇದ್ದೆ.'

ನನ್ನ ಮೈಯೆಲ್ಲ ಉರಿದುಹೋಯಿತು. ಮರ್ಯಾದೆ ಕೊಟ್ಟು ನಿಂತ ಹುಡುಗಿಯನ್ನು ದಡ್ಡಿ ಮಾಡಿ ಕಳಿಸಿದ್ದರು. ಆ ಕಚೇರಿ ಈ ಕಚೇರಿ ಅಂತ ಚಪ್ಪಲಿ ಸವೆಸಿದೆ. ಎಲ್ಲರೂ ಮೂಗಿಗೆ ತುಪ್ಪ ಸವರಿ ಕಳಿಸಿದರೇ ಹೊರತು ಒಬ್ಬರೂ ಕೆಲಸ ಮಾಡಿಕೊಡಲಿಲ್ಲ.

ಹೀಗಿರುವಾಗ ಮುಖ್ಯಸ್ಥರದ್ದೇ ಫೋನು. ದನಿಯಲ್ಲಿ ಜೇನು ಸುರಿಯುತ್ತಿತ್ತು. ವಿಶ್ವವಿದ್ಯಾಲಯದಲ್ಲಿ 'ಎಲ್ಲರೂ ನಮ್ಮವರು' ಅಂತ ಕಾರ್ಯಕ್ರಮ, ಕುಲಪತಿಗಳು ಬರುತ್ತಾರೆ, ಟೀವಿಯವರೂ ಬರುತ್ತಾರೆ, ಮೂಲೆಯಿಲ್ಲದ ಶಾಲೆ ಮಾಡಿದ ವಿದ್ಯಾರ್ಥಿನಿಗೆ ವೇದಿಕೆಯಲ್ಲಿ ಫಲಕ ಕೊಡುತ್ತಾರೆ, ಸನ್ನೆ ಮಾಡಲು ನೀವೇ ಬರಬೇಕು ಅಂದರು. ಅದೇ ಶಾಲೆ. ಅವರೇ ಫೇಲ್ ಮಾಡಿದ ಶಾಲೆ.

"ವೇದಿಕೆ ಮೇಲೆ ಅಕ್ಕ ಇದ್ರೆ ಪರವಾಗಿಲ್ವಾ ಸರ್?" ಅಂದೆ.

"ಅಲ್ಲೇನು ಪರೀಕ್ಷೆ ಇಲ್ವಲ್ಲಮ್ಮ" ಅಂತ ನಕ್ಕರು.

ನಾನು ಬರುವುದಿಲ್ಲ ಅಂತ ಹೇಳುವವಳಿದ್ದೆ. ಗುಬ್ಬಿ ತಡೆದಳು. 'ಹೋಗೋಣ ಅಕ್ಕ. ನೀನು ನಿನ್ನ ಕೆಲಸ ಮಾಡು ಸಾಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ.'

ಸಭಾಂಗಣ ತುಂಬಿತ್ತು. ಹಿಂದಿನ ಪರದೆಯ ಮೇಲೆ ಗುಬ್ಬಿಯ ಫೋಟೊ, ಬಾಗಿಲಷ್ಟು ಎತ್ತರ. ಚಪ್ಪಾಳೆ ತಟ್ಟಬೇಡಿ, ಕಿವಿ ಕೇಳದವರ ಹಾಗೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿ ಅಂತ ವಿದ್ಯಾರ್ಥಿಗಳಿಗೆ ಬೆಳಿಗ್ಗೆಯೇ ಅಭ್ಯಾಸ ಮಾಡಿಸಿದ್ದರಂತೆ. ಕುಲಪತಿಗಳು ಎಲ್ಲರನ್ನೂ ಅಪ್ಪಿಕೊಳ್ಳುವ ಬಗ್ಗೆ ಮಾತಾಡಿದರು. ಅವರು ಅಪ್ಪಿಕೊಂಡಷ್ಟೂ ನಾನು ಅಪ್ಪಿಕೊಳ್ಳುವ ಸನ್ನೆ ಮಾಡಿ ಮಾಡಿ ತೋಳು ನೋಯಿತು. ಕೊನೆಗೆ ಗುಬ್ಬಿಯ ಕೈಗೆ ಫಲಕ ಕೊಟ್ಟು, ನನ್ನ ಮುಖ ನೋಡಿ, "ಎರಡು ಮಾತಾಡೋಕೆ ಅವರಿಗೆ ಹೇಳಿ" ಅಂದರು.

ಗುಬ್ಬಿ ಫಲಕವನ್ನು ನೆಲದ ಮೇಲಿಟ್ಟಳು. ಮಾತಾಡಲು ಅವಳಿಗೆ ಕೈ ಖಾಲಿ ಬೇಕು. ಅವಳು ಸನ್ನೆ ಮಾಡಿದಳು, ನಾನು ಮೈಕಿನಲ್ಲಿ ಅವಳಾಗಿ ಮಾತಾಡಿದೆ.

"ಫಲಕಕ್ಕೆ ಥ್ಯಾಂಕ್ಸ್. ಆದ್ರೆ ಇದೇ ಶಾಲೆ ಮಾದರಿಗೆ ನನ್ನನ್ನ ಫೇಲ್ ಮಾಡಿದ್ದಾರೆ. ಮೌಖಿಕ ಪರೀಕ್ಷೆಲಿ ದುಭಾಷಿ ಬೇಡ ಅಂದ್ರು. ಇಲ್ಲಿ ಬೇಕು ಅಂದ್ರು. ನಂಗೆ ಫಲಕ ಬೇಡ, ಪರೀಕ್ಷೆ ಬೇಕು."

ಮುಖ್ಯಸ್ಥರು ಕುರ್ಚಿಯಿಂದ ಎದ್ದು ನನ್ನ ಪಕ್ಕಕ್ಕೆ ಬಂದರು. ಮುಖದ ತುಂಬ ನಗು ಹಾಗೇ ಇಟ್ಟುಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಈ ಮೂಗಿಯನ್ನ ವೇದಿಕೆ ಹತ್ತಿಸಿದ್ದೇ ತಪ್ಪಾಯ್ತು. ನೀವೇ ಏನಾದ್ರೂ ಒಳ್ಳೇದು ಹೇಳಿ ಮುಗಿಸ್ಬಿಡಿ. ಅವಳಿಗೇನು ಗೊತ್ತಾಗತ್ತೆ?"

ದುಭಾಷಿಯ ಕಿವಿಯಲ್ಲಿ ಗುಟ್ಟು ಹೇಳುವ ದಡ್ಡತನ ಅಷ್ಟು ಓದಿದವರು ಮಾಡಬಾರದಿತ್ತು. ನನ್ನ ಕೈ ಆಗಲೇ ಮೇಲಿತ್ತು. ಅಷ್ಟನ್ನೂ ಸನ್ನೆಯಲ್ಲಿ ಹೇಳಿದೆ. ಮೂಗಿ ಅನ್ನುವ ಮಾತನ್ನೂ ಬಿಡಲಿಲ್ಲ. ಅವಳಿಗೇನು ಗೊತ್ತಾಗತ್ತೆ ಅನ್ನುವುದನ್ನೂ ಬಿಡಲಿಲ್ಲ.

ಗುಬ್ಬಿ ಅವರ ಮುಖವನ್ನೇ ನೋಡುತ್ತ ಕೈ ಆಡಿಸಿದಳು. ನಾನು ಹೇಳಿದೆ.

"ಮುಖ್ಯಸ್ಥರು ಈಗ ಹೇಳಿದ್ರು, ಈ ಮೂಗಿಯನ್ನ ವೇದಿಕೆ ಹತ್ತಿಸಿದ್ದೇ ತಪ್ಪು, ಏನಾದ್ರೂ ಒಳ್ಳೇದು ಹೇಳಿ ಮುಗಿಸಿ, ಅವಳಿಗೇನು ಗೊತ್ತಾಗತ್ತೆ ಅಂತ. ಗೊತ್ತಾಯ್ತು ಸರ್."

ಮುಖ್ಯಸ್ಥರು ಇಂಗು ತಿಂದ ಮಂಗನ ಹಾಗೆ ನಿಂತರು. ಕುಲಪತಿಗಳು ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ಖಂಡಿತ ಪರಿಶೀಲಿಸ್ತೀವಿ ಅಂತ ಅವರಿಗೆ ಹೇಳಿ."

"ನಾನು ಇಲ್ಲೇ ಇದೀನಿ. ನಂಗೇ ಹೇಳಿ" ಅಂದಳು ಗುಬ್ಬಿ, ನನ್ನ ದನಿಯಲ್ಲಿ. "ಯಾವಾಗ?"

"ಆದಷ್ಟು ಬೇಗ."

"ಯಾವಾಗ?"

ಸಭಾಂಗಣದ ಕೊನೆಯ ಸಾಲಿನಲ್ಲಿ ಯಾರೋ ಎರಡು ಕೈ ಮೇಲೆತ್ತಿದರು. ಬೆಳಿಗ್ಗೆ ಕಲಿಸಿದ ಹಾಗೆಯೇ ಬೆರಳು ಬಿಡಿಸಿ ಅಲ್ಲಾಡಿಸಿದರು. ಅವರ ಪಕ್ಕದವರು, ಅವರ ಮುಂದಿನವರು, ನೋಡನೋಡುತ್ತ ಇಡೀ ಸಭೆ ಕೈ ಎತ್ತಿತು. ಯಾರೂ ಕೈ ಇಳಿಸಲಿಲ್ಲ. ಟೀವಿಯವರು ಕ್ಯಾಮೆರಾವನ್ನು ಅತ್ತ ತಿರುಗಿಸಿದರು. ಕುಲಪತಿಗಳು ಕ್ಯಾಮೆರಾ ನೋಡಿದರು.

"ಇವತ್ತೇ" ಅಂದರು. "ಮಧ್ಯಾಹ್ನ."

"ಅಕ್ಕನೇ ಬರ್ತಾಳೆ" ಅಂದಳು ಗುಬ್ಬಿ. "ಒಂದು ಕ್ಯಾಮೆರಾನೂ ಬರ್ಲಿ. ಹೇಳ್ಕೊಟ್ರೆ ಸಿಕ್ಕಿಬೀಳ್ತಾಳೆ."

ಮಧ್ಯಾಹ್ನ ಅದೇ ಕೋಣೆ. ಅದೇ ಮೇಜು, ಅದೇ ಫೈಲು, ಮೂಲೆಯಲ್ಲಿ ಕ್ಯಾಮೆರಾ. ಗುಬ್ಬಿ ರಟ್ಟಿನ ಶಾಲೆಯನ್ನು ಎದೆಗೆ ಅವಚಿಕೊಂಡು ನಿಂತಳು. ನಾನು ಮುಖ್ಯಸ್ಥರ ಹೆಗಲ ಪಕ್ಕದಲ್ಲಿ, ಅವಳಿಗೆ ಎದುರಾಗಿ ನಿಂತೆ. ಇಷ್ಟೆಲ್ಲ ಆದಮೇಲಾದರೂ ಮುಖ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

"ಕೂತ್ಕೊಳ್ಳಿ" ಅಂದರು.

ನಾನು ಸನ್ನೆ ಮಾಡಿದೆ. ಎರಡು ಬೆರಳು ಇನ್ನೆರಡು ಬೆರಳ ಮೇಲೆ ಕೂರುತ್ತವೆ, ಅಷ್ಟೇ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಇಷ್ಟಕ್ಕೆ ಅವಳ ಒಂದು ವರ್ಷ ಕಿತ್ತುಕೊಂಡಿದ್ದರು.

ಗುಬ್ಬಿ ಶಾಲೆಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತಳು.