ಮೊದಲು ಬಾಯಿ ಮುಚ್ಚಿ

ಅಕ್ಕ ಹಗ್ಗ ಹಿಡಿಯುವವಳು, ತಮ್ಮ ನೀರಿಗಿಳಿಯುವವನು. ಯಾವುದಾದರೂ ಜಲಾಶಯದ ತಳದಲ್ಲಿ ಬಾಗಿಲು ಅಲುಗದಿದ್ದರೆ, ಗೋಡೆ ಬಿರುಕು ಬಿಟ್ಟರೆ, ಕೊಳವೆಗೆ ಏನಾದರೂ ಸಿಕ್ಕಿಕೊಂಡರೆ ಇವರಿಗೆ ಕರೆ ಬರುತ್ತಿತ್ತು. ಕಂಪ್ರೆಸರ್, ಗಾಳಿ ಕೊಳವೆಯ ಸುರುಳಿ, ಹೆಲ್ಮೆಟ್, ಕೆಸರೆತ್ತುವ ಸಣ್ಣ ಪಂಪು, ಎಲ್ಲವನ್ನೂ ಹಳೆಯ ವ್ಯಾನಿಗೆ ಹೇರಿಕೊಂಡು ಹೊರಡುತ್ತಿದ್ದರು. ದೇಶ ದೇಶಗಳ ನೀರು ಕಂಡವರು. ಕರೆಂಟಿಗಾಗಿ ಬೆಟ್ಟದ ನೆತ್ತಿಯಲ್ಲಿ ಕಟ್ಟಿದ ಜಲಾಶಯ, ಹೊಲಗಳಿಗಾಗಿ ಬಯಲಲ್ಲಿ ಹರವಿದ ಜಲಾಶಯ, ಕಾಲುವೆಯಲ್ಲಿ ಹಡಗುಗಳನ್ನು ಏರಿಸಿ ಇಳಿಸಲು ನೀರು ಕೂಡಿಡುವ ಜಲಾಶಯ, ಬಿಸಿಲಿಗೆ ಹಾರಿಹೋಗದಂತೆ ಮರಳಿನಡಿ ಮುಚ್ಚಿಟ್ಟ ತೊಟ್ಟಿಗಳು. ಪ್ರವಾಹ ಬಂದ ದಿನ ತುಂಬಿಕೊಳ್ಳಲೆಂದೇ ಉಳಿದ ದಿನವೆಲ್ಲ ಬರಿದಾಗಿ ಬಿದ್ದಿರುವ ಒಂದು ಜಲಾಶಯವನ್ನೂ ನೋಡಿದ್ದರು. ಅಲ್ಲಿ ದನ ಮೇಯುತ್ತಿದ್ದವು. ಎಲ್ಲಿ ಹೋದರೂ ಮಾತು ಮಾತ್ರ ಒಂದೇ. ಕರೆಂಟಿನವರು ದೀಪ ಆರುತ್ತದೆ ಎನ್ನುವರು, ಹೊಲದವರು ಪೈರು ಒಣಗುತ್ತದೆ ಎನ್ನುವರು, ಹಡಗಿನವರು ಸರಕು ಕೊಳೆಯುತ್ತದೆ ಎನ್ನುವರು. ನೀರು ನಿಲ್ಲಿಸುತ್ತೇವೆ ಎಂದು ತಾವಾಗಿ ಹೇಳಿದವರನ್ನು ಅಕ್ಕ ಕಂಡಿರಲಿಲ್ಲ.

ತಮ್ಮನಿಗೆ ಈ ಕಸುಬಿನವರೆಲ್ಲ ಇಟ್ಟ ಹೆಸರು ಬಾತು. ನೆಲದ ಮೇಲೆ ಅವನ ನಡಿಗೆ ನೋಡಿದವರಿಗೆ ಯಾಕೆಂದು ಹೇಳಬೇಕಾಗಿರಲಿಲ್ಲ. ನೀರಿಗಿಳಿದರೆ ಮಾತ್ರ ಅವನಷ್ಟು ಹಗುರವಾಗಿ ಸರಿದಾಡುವವರು ಇರಲಿಲ್ಲ. ಧೈರ್ಯ ಸ್ವಲ್ಪ ಜಾಸ್ತಿ. ಅದನ್ನು ಕಾಯುವುದೇ ಅಕ್ಕನ ಅರ್ಧ ಕೆಲಸ.

ಆ ಸಲ ಕರೆ ಬಂದದ್ದು ಕುಡಿಯುವ ನೀರಿನ ಜಲಾಶಯದಿಂದ. ಅಣೆಕಟ್ಟಿನಿಂದ ಸಣ್ಣದೊಂದು ಸೇತುವೆ, ಅದರ ತುದಿಗೆ ನೀರಿನಲ್ಲಿ ನಿಂತ ದುಂಡನೆಯ ಕಾಂಕ್ರೀಟ್ ಗೋಪುರ. ಗೋಪುರದ ಮೇಲಿನ ಕೋಣೆಯಲ್ಲಿ ವಾಲ್ವ್ ತೆರೆದು ಮುಚ್ಚುವ, ಗ್ರೀಸ್ ಮೆತ್ತಿದ ಕಬ್ಬಿಣದ ಚಕ್ರಗಳು. ಒಂದೊಂದು ಚಕ್ರಕ್ಕೂ ಗೋಪುರದ ಹೊರಮೈಯಲ್ಲಿ ಒಂದೊಂದು ಬಾಯಿ: ಮೇಲಿನದು, ನಡುವಿನದು, ಕೆಳಗಿನದು. ಊರಿಗೆ ನೀರು ಹೋಗುವುದು ಈ ಬಾಯಿಗಳಿಂದಲೇ. ಆ ವರ್ಷ ನೀರು ಇಳಿದು ಮೇಲಿನ ಎರಡೂ ಬಾಯಿಗಳು ಗಾಳಿಗೆ ತೆರೆದುಕೊಂಡಿದ್ದವು. ಊರು ಕೆಳಬಾಯಿಯೊಂದನ್ನೇ ನಂಬಿ ಕುಡಿಯುತ್ತಿತ್ತು. ಈಗ ಅದರ ಜಾಲರಿಗೆ ಏನೋ ಅಡರಿಕೊಂಡು, ಊರಿನ ನಲ್ಲಿಗಳಲ್ಲಿ ನೀರು ದಾರದಷ್ಟು ಸಣ್ಣಗಾಗಿತ್ತು.

"ಇಳಿದು ಕಿತ್ತು ಹಾಕಿದ್ರೆ ಆಯ್ತು," ಎಂದ ಗುತ್ತಿಗೆದಾರ. ನೀರಿನ ಇಲಾಖೆಯ ರಿಪೇರಿ ಕೆಲಸವೆಲ್ಲ ಅವನದೇ. ಇವರನ್ನು ಕರೆಸಿದ್ದೂ ಅವನೇ. ಕಾಲು ಒಂದೆಡೆ ನಿಲ್ಲದ ಮನುಷ್ಯ. "ಮಧ್ಯಾಹ್ನದೊಳಗೆ ಮುಗಿಸಿಬಿಡಿ."

"ಆಗ್ಲಿ," ಎಂದಳು ಅಕ್ಕ. "ಮೊದಲು ಬಾಯಿ ಮುಚ್ಚಿ."

ಗುತ್ತಿಗೆದಾರನ ಮುಖ ಕೆಂಪಾಯಿತು. "ಏನಮ್ಮಾ ಅಂದೆ?"

"ನಿಮ್ಮ ಬಾಯಲ್ಲ ಸಾರ್, ಗೋಪುರದ್ದು. ಎರಡೂ ಮುಚ್ಚಿದ್ರೆ ನಂದೇನೂ ಅಡ್ಡಿ ಇಲ್ಲ."

ಕಿಟಕಿಯ ಬಳಿ ನಿಂತಿದ್ದ ಇಲಾಖೆಯ ಎಂಜಿನಿಯರ್ ನಗು ತಡೆದುಕೊಳ್ಳಲು ಕೆಮ್ಮಿದ. ಕೂದಲು ನರೆತ, ತಾಳ್ಮೆಯ ಮನುಷ್ಯ. ಅವಳು ಕೇಳುತ್ತಿರುವುದೇನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ತೂತಿನ ಮೇಲೆ ಒರೆಸುವ ಬಟ್ಟೆ ಬಿದ್ದರೆ ಹೇಗೆ ಒಳಗೆ ಎಳೆದುಕೊಳ್ಳುತ್ತದೋ, ತೆರೆದ ಬಾಯಿಯ ಬಳಿ ಮನುಷ್ಯನ ಗತಿಯೂ ಅದೇ. ಮೇಲೆ ನಿಂತ ನೀರಿನ ಭಾರವೆಲ್ಲ ಬೆನ್ನ ಮೇಲೆ ಬಿದ್ದು ಒತ್ತುತ್ತದೆ. ಎಷ್ಟು ಜನ ಹಗ್ಗ ಎಳೆದರೂ ಬಿಡುವುದಿಲ್ಲ.

"ನೀವು ಹೇಳೋದು ಸರಿ," ಎಂದ ಎಂಜಿನಿಯರ್. "ಆದ್ರೆ ನನ್ನ ಕಷ್ಟಾನೂ ಕೇಳಿ. ಈ ವಾಲ್ವ್ ಮುಚ್ಚಿ ಎಷ್ಟು ಕಾಲ ಆಯ್ತೋ ನನಗೇ ಗೊತ್ತಿಲ್ಲ. ನಾನು ಬಂದ ಮೇಲಂತೂ ಮುಚ್ಚಿಲ್ಲ. ಮುಚ್ಚಿದ್ದು ಮತ್ತೆ ತೆರೀಲಿಲ್ಲ ಅಂದ್ರೆ? ಊರಿನ ಟ್ಯಾಂಕುಗಳೆಲ್ಲ ತಳಕ್ಕೆ ಬಂದಿವೆ."

"ತೆರೀಲಿಲ್ಲ ಅಂದ್ರೆ ರಿಪೇರಿ ಮಾಡ್ತೀರಿ ಸಾರ್. ಕಬ್ಬಿಣ ತಾನೇ? ನನ್ನ ತಮ್ಮ ಒಳಗೆ ಹೋದ್ರೆ ಯಾರು ರಿಪೇರಿ ಮಾಡ್ತಾರೆ?"

"ಅರ್ಧ ಮುಚ್ಚೋಣ," ಎಂದ ಗುತ್ತಿಗೆದಾರ. "ಪಕ್ಕದಿಂದ ಹೋಗಿ ಕೊಕ್ಕೆ ಹಾಕಿ ಎಳೀಲಿ. ಬೇರೆಯವರೆಲ್ಲ ಹಾಗೇ ಮಾಡೋದು."

ಬಾತು ಆಗಲೇ ರಬ್ಬರಿನ ಸೂಟಿನೊಳಗೆ ಸೊಂಟದವರೆಗೆ ಇಳಿದಿದ್ದ. "ಅಕ್ಕ, ಪಕ್ಕದಿಂದ ಹೋಗ್ತೀನಿ ಬಿಡೇ. ಗೋಡೆ ಹಿಡ್ಕೊಂಡೇ ಇರ್ತೀನಿ."

ಅಕ್ಕ ಅವನ ಹೆಲ್ಮೆಟ್ಟನ್ನು ಎತ್ತಿಕೊಂಡು, ಸಲಕರಣೆಯ ಪೆಟ್ಟಿಗೆಯ ಮೇಲೆ ಕೂತು, ಮಗುವನ್ನು ಮಲಗಿಸಿಕೊಂಡ ಹಾಗೆ ಅದನ್ನು ತೊಡೆಯ ಮೇಲಿಟ್ಟುಕೊಂಡಳು.

ಅವಳಿಗೆ ಹದಿನಾರಾಗಿದ್ದಾಗ ಅಪ್ಪನಿಗೂ ಅವಳೇ ಹಗ್ಗ ಹಿಡಿಯುತ್ತಿದ್ದಳು. ಅದು ಕರೆಂಟಿನ ಜಲಾಶಯ. ಬಾಗಿಲು ಮುಚ್ಚಿದೆಯಾ ಎಂದು ಅಪ್ಪ ಕೇಳಿದ್ದ. ಕೆಳಗಿನ ಕೋಣೆಯಿಂದ ಯಾರೋ ಫೋನಿನಲ್ಲಿ "ಮುಚ್ಚಿದೆ" ಎಂದಿದ್ದರು. ಮುಚ್ಚಿತ್ತು, ಅಂಗೈಯಗಲ ಬಿಟ್ಟು. ಹಗ್ಗ ಅವಳ ಕೈಯಲ್ಲಿ ಒಮ್ಮೆ ಜಗ್ಗಿತು, ಆಮೇಲೆ ಕಂಬಕ್ಕೆ ಕಟ್ಟಿದ ಹಾಗೆ ಬಿಗಿದುನಿಂತಿತು. ಫೋನಿನಲ್ಲಿ ಮಾತಾಡಿದವನು ಯಾರೆಂದು ಆಮೇಲೆ ಯಾರೂ ಹೇಳಲಿಲ್ಲ. ತಮ್ಮ ಆಗ ತೊಟ್ಟಿಲಿನಲ್ಲಿದ್ದ.

"ನಾನೇನು ಎಳೆ ಮಗುನಾ?" ಬಾತು ರೇಗಿದ. ಎಲ್ಲರೆದುರು ಅಕ್ಕ ಹೆಲ್ಮೆಟ್ ಕಸಿದುಕೊಂಡದ್ದು ಅವನಿಗೆ ಚುಚ್ಚಿತ್ತು. "ನಿನಗೆ ಅಪ್ಪನ ಭಯ. ನನಗಿಲ್ಲ."

"ನಿನಗೆ ಅಪ್ಪನ ನೆನಪೇ ಇಲ್ಲ. ಭಯ ಎಲ್ಲಿಂದ ಬರ್ಬೇಕು?"

"ಅಕ್ಕ, ಊರಿನವರು ನೀರಿಲ್ದೆ ಇದ್ದಾರೆ ಕಣೇ."

"ಗೊತ್ತು. ಮುಚ್ಚಿದ್ರೆ ಈಗ್ಲೇ ಇಳಿಸ್ತೀನಿ."

ಬಾತು ಸೇತುವೆಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಗುತ್ತಿಗೆದಾರ ಜೇಬಿನಿಂದ ಫೋನ್ ತೆಗೆದ. "ನೀನೊಬ್ಬಳೇನಾ ಇರೋದು ಹಗ್ಗ ಹಿಡಿಯೋಕೆ? ಪಕ್ಕದ ಊರಿನವರನ್ನ ಕರೆಸ್ತೀನಿ. ನೀನು ಆ ಪೆಟ್ಟಿಗೆ ಮೇಲೇ ಮೊಟ್ಟೆ ಇಡ್ತಾ ಕೂತ್ಕೋ."

"ಕರೆಸಿ ಸಾರ್. ಬರೋವರೆಗೂ ಇಲ್ಲೇ ಇರ್ತೀನಿ."

ಊಟದ ಹೊತ್ತು ಮೀರಿದ ಮೇಲೆ ಪಕ್ಕದ ಊರಿನ ಗಾಡಿ ಬಂತು. ಅದರಿಂದ ಇಳಿದದ್ದು ಗಿರಿಜಾ ಮೀಸೆಯ ಗಟ್ಟಿಮುಟ್ಟಾದ ಮುಳುಗುಗಾರ, ಅವನ ಹಗ್ಗ ಹಿಡಿಯುವ ಒಬ್ಬ ಮುದುಕ. ಮುದುಕ ಗೋಪುರದೊಳಗೆ ಬಂದು, ಚಕ್ರ ನೋಡಿದ, ಕೂತಿದ್ದ ಅಕ್ಕನನ್ನು ನೋಡಿದ.

"ಏನು ತಂಗಿ, ಇಲ್ಲೇ ಬಿಡಾರ ಹೂಡಿದ್ದೀಯ?"

"ಕೆಳಬಾಯಿ ತೆರೆದಿದೆ ಅಣ್ಣಾ. ಮುಚ್ಚಲ್ಲ ಅಂತಾರೆ."

ಮುದುಕ ಎಂಜಿನಿಯರ್ ಕಡೆ ತಿರುಗಿದ. "ಹೌದಾ ಸಾರ್?"

ಎಂಜಿನಿಯರ್ ಸುಳ್ಳು ಹೇಳುವವನಲ್ಲ. "ಹೌದು."

ಮುದುಕ ಒಂದು ಕ್ಷಣ ಗಡ್ಡ ಕೆರೆದುಕೊಂಡ. ಆಮೇಲೆ ಅಕ್ಕನಿಗೆ "ಸ್ವಲ್ಪ ಜರುಗು" ಎಂದು ಹೇಳಿ, ಅದೇ ಪೆಟ್ಟಿಗೆಯ ಮೇಲೆ ಅವಳ ಪಕ್ಕಕ್ಕೆ ಕೂತುಬಿಟ್ಟ. ಗಿರಿಜಾ ಮೀಸೆಯವನು ಬಾಗಿಲಲ್ಲೇ ನಿಂತು, "ಅಯ್ಯೋ, ಇವರೂ ಕೂತ್ರಾ? ಇನ್ನು ಇವತ್ತಿನ ಕೆಲಸ ಆದ ಹಾಗೇ" ಎಂದು ಶೂ ಬಿಚ್ಚತೊಡಗಿದ.

ಗುತ್ತಿಗೆದಾರ ಕೂಗಾಡಿದ. ಇನ್ನು ಮುಂದೆ ಒಬ್ಬರಿಗೂ ಕೆಲಸ ಸಿಗದ ಹಾಗೆ ಮಾಡುತ್ತೇನೆ ಎಂದ. ಪೆಟ್ಟಿಗೆಯ ಮೇಲಿದ್ದ ಇಬ್ಬರೂ ಬಸ್ಸಿಗೆ ಕಾಯುವವರ ಹಾಗೆ ಎದುರಿನ ಗೋಡೆ ನೋಡುತ್ತಿದ್ದರು. ಕೊನೆಗೆ ಎಂಜಿನಿಯರ್ ಕೋಟು ತೆಗೆದು ಮೊಳೆಗೆ ನೇತುಹಾಕಿದ. "ಸಾಕು ನಿಲ್ಸಿ. ಮುಚ್ಚೋಣ. ಏನಾದ್ರೂ ಆದ್ರೆ ನನ್ನ ತಲೆ ಮೇಲೆ." ಊರಿಗೆ ಫೋನ್ ಮಾಡಿ, ನೀರು ನಿಲ್ಲುತ್ತದೆ, ಇದ್ದ ಪಾತ್ರೆಗಳಲ್ಲಿ ಹಿಡಿದಿಟ್ಟುಕೊಳ್ಳಿ ಎಂದು ಸಾರಿಸಿದ.

ಚಕ್ರ ಸುಲಭಕ್ಕೆ ಜಗ್ಗಲಿಲ್ಲ. ಎಣ್ಣೆ ಸುರಿದರು, ಅರಗಳ ನಡುವೆ ಉದ್ದನೆಯ ಪೈಪು ತೂರಿಸಿ ಅಕ್ಕ, ಮುದುಕ, ಮೀಸೆಯವನು, ಎಂಜಿನಿಯರ್ ಎಲ್ಲರೂ ತೂಗಿದರು. ಬಾತು ಸುಮ್ಮನೆ ನೋಡುತ್ತಾ ನಿಂತಿದ್ದವನು ಬಂದು ಭುಜ ಕೊಟ್ಟ. ಕಬ್ಬಿಣ ಕಿರ್ರೆಂದು ಅರಚಿ ಒಂದೊಂದೇ ಸುತ್ತು ತಿರುಗಿತು. ಒಂದು ಹಂತದಲ್ಲಿ ನಿಂತೇ ಹೋಯಿತು.

"ಮುಚ್ಚಿತು," ಎಂದ ಎಂಜಿನಿಯರ್ ಬೆವರು ಒರೆಸಿಕೊಳ್ಳುತ್ತ.

ಅಕ್ಕ ದಾರಕ್ಕೆ ಬಟ್ಟೆಯ ಚೂರು ಮತ್ತು ಸಣ್ಣ ಸೀಸದ ಗುಂಡು ಕಟ್ಟಿ, ಗೋಪುರದ ಹೊರಗಿನಿಂದ ಬಾಯಿಯ ಮಟ್ಟಕ್ಕೆ ಇಳಿಬಿಟ್ಟಳು. ದಾರ ನೆಟ್ಟಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗೋಡೆಯ ಕಡೆಗೆ ಮೆಲ್ಲಗೆ ವಾಲಿತು. ಎಂಜಿನಿಯರ್ ಬಗ್ಗಿ ನೋಡಿದ. ಅವನೇ, "ಇನ್ನೊಂದು ಸುತ್ತು ಬೇಕು," ಎಂದ.

ಆ ಒಂದು ಸುತ್ತಿಗೆ ಎಲ್ಲರ ಉಸಿರೂ ಖರ್ಚಾಯಿತು. ಕೊನೆಯಲ್ಲಿ ಎಲ್ಲೋ ಆಳದಲ್ಲಿ 'ಟಣ್' ಎಂದಿತು. ಈಗ ದಾರ ನೆಟ್ಟಗೆ ನಿಂತಿತು. ಅಕ್ಕ ಚಕ್ರಕ್ಕೆ ಸರಪಳಿ ಸುತ್ತಿ, ತನ್ನದೇ ಬೀಗ ಹಾಕಿ, ಕೀಲಿಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡಳು. ಆಮೇಲೆಯೇ ಹೆಲ್ಮೆಟ್ ತಮ್ಮನ ತಲೆಗೆ ಏರಿದ್ದು.

ಬಾತು ಇಳಿದ. ಕೆಳಗೆ ಏನೂ ಕಾಣುತ್ತಿರಲಿಲ್ಲ, ಎಲ್ಲ ಕೈಯಲ್ಲೇ ತಡಕಾಟ. ಹೆಲ್ಮೆಟ್ಟಿನಿಂದ ತಂತಿಯ ಮೂಲಕ ಅವನ ಧ್ವನಿ ಡಬ್ಬದೊಳಗಿಂದ ಮಾತಾಡಿದ ಹಾಗೆ ಬಂತು. "ಟಾರ್ಪಾಲು ಅಕ್ಕ. ದೊಡ್ಡದು. ಯಾವುದೋ ಲಾರೀದು. ಮರದ ಕೊಂಬೆ ಸಿಕ್ಕೊಂಡಿದೆ, ಪಾಚಿ… ಕೊಯ್ತಾ ಇದ್ದೀನಿ." ಚೂರುಗಳು ಒಂದೊಂದಾಗಿ ಮೇಲೆ ಬಂದವು. ತುಂಬ ಹೊತ್ತಿನ ಮೇಲೆ ಅವನೆಂದ: "ಆಯ್ತು. ಜಾಲರಿ ಗಟ್ಟಿಯಾಗಿದೆ ಅಕ್ಕ. ಎಲ್ಲ ಸರಳೂ ನೆಟ್ಟಗಿವೆ."

ಗುತ್ತಿಗೆದಾರ ಚಪ್ಪಾಳೆ ತಟ್ಟಿದ. "ಕೇಳಿಸ್ತಾ? ಜಾಲರಿ ಗಟ್ಟಿಯಾಗಿದೆಯಂತೆ! ಒಳಗೆ ಹೋಗೋ ಮಾತೇ ಇರ್ಲಿಲ್ಲ. ಸುಮ್ನೆ ಇಡೀ ದಿನ ನಾಟಕ!"

"ಜಾಲರಿಗೆ ಅಂಟಿಕೊಂಡ್ರೂ ಸಾಯ್ತಾರೆ ಸಾರ್," ಎಂದಳು ಅಕ್ಕ. "ಗಟ್ಟಿಯಾಗಿದೆ ಅಂತ ಈಗ ಗೊತ್ತಾಯ್ತು. ಸಂತೋಷ. ನಾಳೆ ಕರೆದ್ರೆ ನಾಳೆನೂ ಮುಚ್ಚಿಸ್ತೀನಿ."

ಬಾತು ಮೇಲೆ ಬಂದು, ಸೂಟು ಕಳಚಿ, ಒಣ ಬಟ್ಟೆ ಹಾಕಿಕೊಂಡು ಎದುರಿಗೆ ನಿಂತ ಮೇಲೆ ಅವಳು ಬೀಗ ತೆಗೆದಳು. ಎಲ್ಲರೂ ಪೈಪಿಗೆ ಕೈ ಹಾಕಿದರು. ಚಕ್ರ ಅಲುಗಲಿಲ್ಲ. ಎಣ್ಣೆ ಸುರಿದರು, ಸುತ್ತಿಗೆಯಲ್ಲಿ ಬಡಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ. ಎಂಜಿನಿಯರ್ ಹೆದರಿದ್ದೇ ಆಗಿತ್ತು. ಅವನು ಅವಳ ಮೇಲೆ ಒಂದು ಮಾತೂ ಆಡದೆ, ದೊಡ್ಡ ಜ್ಯಾಕ್ ತರಿಸಲು ಫೋನ್ ಹಚ್ಚಿದ. ಅದು ಬರುವುದು ಬೆಳಿಗ್ಗೆಯೇ ಎಂದು ಅತ್ತಲಿಂದ ಉತ್ತರ ಬಂತು.

ಸಂಜೆಗೆ ಅಣೆಕಟ್ಟಿನ ಗೇಟಿನ ಮುಂದೆ ಜನ ಸೇರಿದರು. ಕೈಯಲ್ಲಿ ಕ್ಯಾನು, ಬಕೆಟ್ಟು. ಗುತ್ತಿಗೆದಾರ ಗೇಟಿನ ಹತ್ತಿರ ನಿಂತು, "ನನ್ನನ್ನ ಕೇಳಬೇಡಿ, ನೀರು ನಿಲ್ಲಿಸಿದ್ದು ಆ ಹೆಂಗಸು," ಎಂದು ಗೋಪುರದ ಕಡೆ ಬೆರಳು ತೋರಿಸುತ್ತಿದ್ದ. ಮುದುಕ ಅಕ್ಕನ ತೋಳು ಹಿಡಿದ. "ಹಿಂದಿನ ದಾರೀಲಿ ಹೊರಟುಬಿಡು ತಂಗಿ."

"ಹಿಂದಿನ ದಾರಿ ಯಾಕೆ? ಕದ್ದಿದ್ದೀನಾ ಏನಾದ್ರೂ?"

ಅವಳು ಸೇತುವೆ ದಾಟಿ ನೇರ ಗೇಟಿಗೆ ಹೋದಳು. "ಹೌದು, ನಾನೇ ನಿಲ್ಲಿಸಿದ್ದು," ಎಂದಳು, ಯಾರೂ ಕೇಳುವ ಮೊದಲೇ.

ಗುಂಪಿನ ಮುಂದೆ ತೋಳಿನವರೆಗೆ ಹಿಟ್ಟು ಮೆತ್ತಿಕೊಂಡ ಒಬ್ಬ ಬೇಕರಿಯ ಹೆಂಗಸು ಇದ್ದಳು. "ಮನೇಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಮೈ ಒರೆಸೋಕೂ ಹನಿ ನೀರಿಲ್ಲ. ನಿಮಗೇನು ಹಕ್ಕಿದೆ?"

"ನಿಮ್ಮ ಅತ್ತೆಗೆ ನೀರು ಬೇಡ ಅಂದಿಲ್ಲಮ್ಮಾ. ನನ್ನ ತಮ್ಮನನ್ನ ಆ ಬಾಯಿಗೆ ಕೊಟ್ಟು ತರೋ ನೀರು ಬೇಡ ಅಂದೆ. ನಿಮ್ಮ ತಮ್ಮನಾಗಿದ್ರೆ ಇಳಿಸ್ತಿದ್ರಾ?"

ಹಿಂದಿನಿಂದ ಯಾರೋ ಬೈದರು. ಒಂದು ಖಾಲಿ ಕ್ಯಾನು ಹಾರಿಬಂದು ಅಕ್ಕನ ಕಾಲ ಬಳಿ ಬಿತ್ತು. ಅವಳು ಅದನ್ನು ಎತ್ತಿಕೊಂಡಳು. "ಇದು ಯಾರದು? ಬನ್ನಿ, ತುಂಬಿಸಿ ಕೊಡ್ತೀನಿ. ಜಲಾಶಯ ಇಲ್ಲೇ ಇದೆ, ಎಲ್ಲೂ ಓಡಿಹೋಗಿಲ್ಲ."

ಅಷ್ಟರಲ್ಲಿ ಬಾತು ವ್ಯಾನಿನಿಂದ ಕೆಸರೆತ್ತುವ ಪಂಪು ಇಳಿಸಿ ತಿಳಿನೀರಿನಲ್ಲಿ ಜಾಲಾಡಿಸುತ್ತಿದ್ದ. ಎಂಜಿನಿಯರ್ ಬಂದು ಗೇಟು ತೆರೆಸಿದ. ಪಂಪು ಗುಡುಗುಟ್ಟಿತು, ಕೊಳವೆಯ ತುದಿಯನ್ನು ಬಾತು ಹಿಡಿದ, ಸಾಲು ತಾನಾಗಿಯೇ ಹುಟ್ಟಿಕೊಂಡಿತು. ಕಾಯಿಸಿ ಕುಡಿಯಿರಿ ಎಂದು ಎಂಜಿನಿಯರ್ ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ. ಎಲ್ಲರೂ ಸಮಾಧಾನವಾಗಿ ಹೋದರು ಎನ್ನುವಂತಿಲ್ಲ. ಕೆಲವರು ನೀರು ತುಂಬಿಸಿಕೊಂಡೇ ಬೈದು ಹೋದರು. ಬೇಕರಿಯ ಹೆಂಗಸು ಎರಡು ಬಕೆಟ್ ಎತ್ತಿಕೊಂಡು ಹೊರಡುವಾಗ ಬಾತುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವನಿಗೋಸ್ಕರಾನಾ ಇಷ್ಟೆಲ್ಲ?" ಎಂದಳು.

"ಹ್ಞೂಂ, ಇರೋದು ಇವನೊಬ್ಬನೇ," ಎಂದಳು ಅಕ್ಕ.

ಮರುದಿನ ಜ್ಯಾಕ್ ಬಂತು, ವಾಲ್ವ್ ತೆರೆಯಿತು, ನಲ್ಲಿಗಳು ತುಂಬಿ ಹರಿದವು. ಗುತ್ತಿಗೆದಾರ ತಾನು ಹೇಳಿದ್ದನ್ನು ಮಾಡಿ ತೋರಿಸಿದ. ಸುತ್ತಮುತ್ತಲ ಯಾವ ಜಲಾಶಯದಿಂದಲೂ ಅಕ್ಕತಮ್ಮಂದಿರಿಗೆ ಕರೆ ಬರಲಿಲ್ಲ. ತಕರಾರಿನವಳು ಎಂಬ ಹೆಸರು ಅವಳಿಗಿಂತ ಮುಂಚೆ ಊರೂರು ತಲುಪುತ್ತಿತ್ತು. ಬಾತು ಬಂದರಿನಲ್ಲಿ ದೋಣಿಗಳ ಹೊಟ್ಟೆ ಕೆರೆಯುವ ಕೆಲಸಕ್ಕೆ ಹೋದ. ಅಕ್ಕ ಬಲೆ ಹೊಲಿದಳು. ಆ ದಿನಗಳಲ್ಲಿ ಅವನು ಮುಖ ಗಂಟಿಕ್ಕಿಕೊಂಡೇ ಇದ್ದ. ಒಮ್ಮೆ ಮಾತ್ರ, ಊಟದ ನಡುವೆ, ತಟ್ಟೆ ನೋಡುತ್ತಲೇ ಕೇಳಿದ: "ಮೊದಲ ಸಲ ದಾರ ವಾಲಿತಲ್ಲ ಅಕ್ಕ, ನಾನೂ ನೋಡಿದೆ. ಎಷ್ಟು ಎಳೀತಿತ್ತು ಅದು?"

"ಗೊತ್ತಿಲ್ಲ," ಎಂದಳು ಅವಳು. "ನೀನು ಕೆಳಗೆ ಇರ್ಲಿಲ್ಲ."

ಚಳಿಗಾಲದಲ್ಲಿ ಮುದುಕನ ಫೋನ್ ಬಂತು. ಬೆಟ್ಟದ ಮೇಲಿನ ಕರೆಂಟಿನ ಜಲಾಶಯದಲ್ಲಿ ಕೆಲಸವಿತ್ತಂತೆ. ಬಾಯಿ ಮುಚ್ಚಿ, ಬೀಗ ಹಾಕಿ, ಕೀಲಿಕೈ ಕೊಡಿ ಎಂದದ್ದಕ್ಕೆ ತನ್ನನ್ನೂ ಮೀಸೆಯವನನ್ನೂ ಓಡಿಸಿದರಂತೆ. ಆಮೇಲೆ ಇನ್ನೊಂದು ತಂಡ ಕರೆಸಿದರು. ಅವರೂ ಅದನ್ನೇ ಕೇಳಿದರು. "ಈಗ ನಿಮಗೆ ಫೋನ್ ಮಾಡ್ತಾರೆ ನೋಡು ತಂಗಿ. ಇನ್ಯಾರೂ ಉಳಿದಿಲ್ಲ."

ಮಾಡಿದರು. ಅಕ್ಕನ ಕೈ ಬಲೆಯಲ್ಲಿ ಸಿಕ್ಕಿಕೊಂಡಿತ್ತು, ಫೋನ್ ಎತ್ತಿದ್ದು ಬಾತು. ಅತ್ತಲಿನವನು ಮಾತು ಶುರುಮಾಡಿದ್ದೇ ದೀಪಗಳಿಂದ: ಯಂತ್ರ ನಿಲ್ಲಿಸಿದರೆ ಎಷ್ಟು ಊರು ಕತ್ತಲಾಗುತ್ತದೆ ಗೊತ್ತೇ? ಬಾತು ಪೂರ್ತಿ ಕೇಳಿಸಿಕೊಂಡ.

"ಕತ್ತಲಾಗ್ಲಿ ಸಾರ್," ಎಂದ ಅವನು. "ನಾವು ಇಳಿಯೋದು ಮಧ್ಯಾಹ್ನ ತಾನೇ, ಯಾರಿಗೂ ಅಷ್ಟು ತೊಂದ್ರೆ ಆಗಲ್ಲ. ಇಲ್ಲ, ಅಕ್ಕನಿಗೆ ಕೊಡಲ್ಲ. ಇಳಿಯೋನು ನಾನು, ಹೇಳ್ತಿರೋನೂ ನಾನೇ. ಮೊದಲು ಬಾಯಿ ಮುಚ್ಚಿ. ಆಮೇಲೆ ನಾವು ಬಂದು ನೋಡ್ತೀವಿ ಮುಚ್ಚಿದೆಯಾ ಅಂತ."

ಅತ್ತಲಿನವನು, ಯಾವ ದಿನ ಬರುತ್ತೀರಿ ಎಂದು ಕೇಳಿದ.