ಅತ್ತೆಯ ವೋಟು

ನಮ್ಮ ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಹಾಗಾಗಿ ಊರಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದೇ ಅವರ ನಂಬಿಕೆ. ನೀರು ಬೇಕೆಂದು ಕೂಗಿದರೆ ಪಕ್ಕದ ಬೀದಿಯವರು ಚೊಂಬು ಹಿಡಿದು ಓಡಿ ಬರಬೇಕು, ಅಂಥ ಗಂಟಲು. ವಯಸ್ಸು ಎಂಬತ್ತೆಂಟು, ಎರಡೂ ಕಣ್ಣಿಗೆ ಪೊರೆ, ಎರಡು ವರ್ಷದಿಂದ ಮಂಚ ಬಿಟ್ಟು ಎದ್ದಿಲ್ಲ. ಇಂಥವರ ವೋಟನ್ನು ಅಧಿಕಾರಿಗಳೇ ಮನೆಗೆ ಬಂದು ಹಾಕಿಸಿಕೊಳ್ಳುತ್ತಾರೆಂದು ಕಾಗದ ಬಂದಾಗ ನನ್ನ ಜೀವ ಬಾಯಿಗೆ ಬಂತು.

ನಮ್ಮೂರಿನವರು ವೋಟು ಹಾಕುವುದು ದೊಡ್ಡಮನೆಯವರ ಮೇಜಿನ ಗುರುತಿಗೆ. ಅದರಲ್ಲಿ ಯೋಚನೆ ಮಾಡುವುದೇನಿಲ್ಲ. ಹೋದ ಚುನಾವಣೆಯಲ್ಲಿ ನಮ್ಮ ಬೂತಿನಿಂದ ಒಂಬತ್ತು ವೋಟು ಗರಗಸದ ಗುರುತಿಗೆ ಬಿದ್ದಿದ್ದವು. ಯಾರವೆಂದು ದೇವರಾಣೆಗೂ ಯಾರಿಗೂ ಗೊತ್ತಿರಲಿಲ್ಲ, ಆದರೆ ಯಾರ ತಲೆಗಾದರೂ ಕಟ್ಟಬೇಕಲ್ಲ, ಸೈಕಲ್ ಶಾಪಿನವನ ತಲೆಗೆ ಕಟ್ಟಿದರು. ಅವನನ್ನು ಯಾರೂ ಬೈಯಲಿಲ್ಲ, ಮುಟ್ಟಲಿಲ್ಲ. ಪಂಕ್ಚರ್ ಆದ ಸೈಕಲನ್ನು ಅವನ ಅಂಗಡಿಯ ಮುಂದೆಯೇ ತಳ್ಳಿಕೊಂಡು ಪಕ್ಕದೂರಿಗೆ ಹೋಗುತ್ತಿದ್ದರು, ಅಷ್ಟೆ. ನಾಲ್ಕು ತಿಂಗಳಿಗೆ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

ನಮ್ಮದು ಮನೆಗೆ ಅಂಟಿಕೊಂಡ ಹಿಟ್ಟಿನ ಗಿರಣಿ. ಊರವರು ಚೀಲ ಹೊತ್ತು ತಂದರೆ ನಮ್ಮ ಒಲೆ ಉರಿಯುತ್ತದೆ. ಅತ್ತೆಯ ಬಾಯಿಂದ ಏನು ಬರುತ್ತದೋ ಎಂಬ ಹೆದರಿಕೆಗೆ ನನಗೆ ಮೂರು ದಿನ ಅನ್ನ ಇಳಿಯಲಿಲ್ಲ.

"ಅವರು ಒಳಗೆ ಕಾಲಿಟ್ಟ ತಕ್ಷಣ ನಾನು ಮಿಷನ್ ಹಾಕ್ತೀನಿ. ಅಮ್ಮ ಎಷ್ಟು ಕೂಗಿದ್ರೂ ಹೊರಗೆ ಕೇಳಲ್ಲ," ಎಂದರು ನಮ್ಮವರು. ಮದುವೆಯಾದ ಮೇಲೆ ಅವರು ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಹನ್ನೊಂದು ಗಂಟೆಗೆ ಬಂದರು. ಒಬ್ಬ ಅಧಿಕಾರಿಣಿ, ಕ್ಯಾಮೆರಾದವನು, ಪೊಲೀಸಿನವನು. ದೊಡ್ಡಮನೆಯ ಲೆಕ್ಕ ಬರೆಯುವ ರೈಟರು ಆಗಲೇ ಗೋಧಿ ಚೀಲ ಇಟ್ಟುಕೊಂಡು ಗಿರಣಿಯ ಸಾಲಿನಲ್ಲಿ ನಿಂತಿದ್ದರು. ದೊಡ್ಡಮನೆಗೆ ಹಿಟ್ಟು ಅಂದೇ ಬೇಕಾಗಿತ್ತು ನೋಡಿ! ಅವರ ಹಿಂದೆ ಇನ್ನೂ ಐದಾರು ಜನ. ಗಿರಣಿ ಗುಡುಗತೊಡಗಿತು. ನನಗೆ ಸ್ವಲ್ಪ ಉಸಿರು ಬಂತು.

"ಅಯ್ಯೋ, ಏನಮ್ಮ ಇದು ಗಲಾಟೆ! ಅಜ್ಜಿ ಹೆಸರು ಹೇಳೋದು ರೆಕಾರ್ಡ್ ಆಗ್ಬೇಕು. ನಿಲ್ಲಿಸೋಕೆ ಹೇಳಿ," ಎಂದರು ಅಧಿಕಾರಿಣಿ.

ಪೊಲೀಸಿನವನೇ ಹೋಗಿ ನಿಲ್ಲಿಸಿ ಬಂದ. ಅತ್ತೆ ಹೆಸರು ಹೇಳಿದರು. ಮತ್ತೆ ಹಾಕಲಾ ಎಂದು ನಮ್ಮವರು ಬಾಗಿಲಲ್ಲಿ ಇಣುಕಿದರು. ಮುಗಿಯುವ ತನಕ ಬೇಡ ಎಂದುಬಿಟ್ಟರು ಆಯಮ್ಮ.

ಅತ್ತೆಗೆ ಕಣ್ಣು ಕಾಣದ ಕಾರಣ ಮತಪತ್ರದಲ್ಲಿ ಗುರುತು ಒತ್ತಬೇಕಾದವಳು ನಾನು. ಅವರು ಹೇಳಿದ್ದಕ್ಕೇ ಒತ್ತುತ್ತೇನೆ, ಗುಟ್ಟು ಕಾಪಾಡುತ್ತೇನೆ ಎಂದು ಸಹಿ ಹಾಕಿಸಿಕೊಂಡರು. ಮಂಚದ ಮೇಲೆ ರಟ್ಟಿನ ಮರೆ ನಿಲ್ಲಿಸಿ, ದೂರ ಸರಿದು ನಿಂತರು. ನಾನು ಅತ್ತೆಯ ಕೈ ಅದುಮಿ ಅವರ ಬಾಯಿಯ ಬಳಿ ಕಿವಿ ಹಿಡಿದೆ.

"ಗರಗಸಕ್ಕೆ ಒತ್ತೇ!" ಗೋಡೆ ನಡುಗಿತು. "ಸೈಕಲ್ ಶಾಪಿನವನ್ನ ಸುಮ್‌ಸುಮ್ನೆ ಊರು ಬಿಡಿಸಿದ್ರಲ್ಲ, ಪಾಪ, ಅವನೇನು ಮಾಡಿದ್ದ? ಆ ಒಂಬತ್ತರಲ್ಲಿ ಒಂದು ನಂದು ಕಣೇ!"

ಬಾಯಿ ಮುಚ್ಚಲು ಹೋದ ನನ್ನ ಕೈ ಅರ್ಧಕ್ಕೇ ನಿಂತಿತು. ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು.

ಕೇಳಿಸಬೇಕಾದವರಿಗೆ ಕೇಳಿಸಿ ಆಗಿತ್ತು. ಇನ್ನು ನಾನು ಎಲ್ಲಿ ಒತ್ತಿದರೂ ನಮ್ಮ ಗತಿ ಒಂದೇ. ಅಷ್ಟು ತಿಳಿಯದ ಪೆದ್ದಿಯಲ್ಲ ನಾನು. ಆದರೂ ಬೆರಳು ನನ್ನ ಮಾತು ಕೇಳಲಿಲ್ಲ. ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ಜಾಗಕ್ಕೇ ಹೋಯಿತು. ಮೇಜಿಗೆ ಒತ್ತಿದೆ. ಮಡಚಿ ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟೆ. ಅವರು ಪೆಟ್ಟಿಗೆಗೆ ಹಾಕಿಕೊಂಡು ಹೊರಟುಹೋದರು.

ನಾನು ಗಿರಣಿಗೆ ಬಂದಾಗ ರೈಟರು ಚೀಲ ಹೆಗಲಿಗೇರಿಸುತ್ತಿದ್ದರು. "ಆಮೇಲೆ ಬರ್ತೀನಮ್ಮ," ಎಂದರು, ಬಹಳ ಮರ್ಯಾದೆಯಿಂದ. ಹಿಂದಿನವರೂ ಒಬ್ಬೊಬ್ಬರಾಗಿ ಆಮೇಲೆ, ಆಮೇಲೆ ಎನ್ನುತ್ತ ಚೀಲ ಎತ್ತಿಕೊಂಡರು. ಯಾರೂ ನನ್ನ ಮುಖ ನೋಡಲಿಲ್ಲ. ಕೊನೆಗೆ ಉಳಿದವಳು ಹಿತ್ತಲ ಮನೆಯ ದರ್ಜಿಯ ಹೆಂಡತಿ ಒಬ್ಬಳೇ. ನನಗೂ ಅವಳಿಗೂ ಮೊದಲಿಂದ ಸ್ನೇಹ. ಅವಳು ಚೀಲದ ಬಾಯಿ ಬಿಚ್ಚಲೋ ಬೇಡವೋ ಎಂದು ದಾರ ಹಿಡಿದು ನಿಂತಿದ್ದಳು. ಬಿಚ್ಚಲಪ್ಪ ಎಂದು ನಾನು ಕಂಡ ದೇವರಿಗೆಲ್ಲ ಬೇಡಿಕೊಂಡೆ.

"ಒತ್ತಿದ್ಯೇನೇ?" ಒಳಗಿನಿಂದ ಅತ್ತೆ ಕೂಗಿದರು.

ಓಡಿಹೋಗಿ ಅವರ ಅಂಗೈ ಹಿಡಿದು ತಟ್ಟಿದೆ. ಹೌದು ಎನ್ನಬೇಕಾದರೆ ನಾವು ಹಾಗೇ ತಟ್ಟುವುದು. ಅವರ ಮುಖ ಅರಳಿತು. ತಡವರಿಸಿ ನನ್ನ ಕೆನ್ನೆ ಹುಡುಕಿ ಸವರಿದರು.

"ನೀನು ಪುಕ್ಕಲಿ, ಎಲ್ಲಿ ಮೇಜಿಗೆ ಒತ್ತಿಬಿಡ್ತೀಯೋ ಅಂತ ಹೆದರಿಕೊಂಡಿದ್ದೆ ಕಣೇ," ಎಂದರು, ಇಡೀ ಬೀದಿಗೆ ಕೇಳುವ ಹಾಗೆ. "ನನ್ನ ಸೊಸೆ ಗಟ್ಟಿಗಿತ್ತಿ. ಗರಗಸಕ್ಕೇ ಒತ್ತಿದ್ಲು!"

ಹೊರಗೆ ದರ್ಜಿಯ ಹೆಂಡತಿ ಚೀಲ ಎತ್ತಿಕೊಂಡು ಮೆಟ್ಟಿಲು ಇಳಿಯುವುದು ಕೇಳಿಸಿತು.